ಅಲ್ಟ್ರಾಸೌಂಡ್‌ಗೆ ಸಿಗದ 13 ಮಿ.ಮೀ. ಗೆಡ್ಡೆ: ಕಿರು ಎಂಆರ್‌ಐ ಬಳಕೆಯ ಒಂದು ಪ್ರಕರಣ ಅಧ್ಯಯನ

ಮೊದಲೇ ಒಂದು ಮಾತು. ಇಲ್ಲಿ ಬರುವ ರೋಗಿ ನಿರ್ದಿಷ್ಟ ವ್ಯಕ್ತಿಯಲ್ಲ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಂಟುಗಂಟಾಗುವ ಕಾಯಿಲೆ) ಇರುವವರ ತಪಾಸಣೆಯಲ್ಲಿ ಪದೇಪದೇ ಎದುರಾಗುವ ತೊಡಕುಗಳನ್ನು ಬೋಧನೆಗೆಂದು ಒಂದೇ ಪ್ರಕರಣದಲ್ಲಿ ಕೂಡಿಸಿದೆ. ಸ್ಕ್ಯಾನ್‌ನ ಕ್ರಮ, ಡೋಸ್, ಸಮಯ ಮತ್ತು ಓದುವ ನಿಯಮಗಳು ಮಾತ್ರ ರೇಡಿಯಾಲಜಿ ವಿಭಾಗಗಳಲ್ಲಿ ನಿಜವಾಗಿ ಬಳಕೆಯಲ್ಲಿರುವಂಥವೇ.

ರೋಗಿ 56 ವರ್ಷದ ಗಂಡಸು. ತೂಕ 84 ಕೆ.ಜಿ., ಎತ್ತರ 165 ಸೆಂ.ಮೀ., ಬಿಎಂಐ ಹತ್ತಿರಹತ್ತಿರ 31. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಕುಡಿತದ ಅಭ್ಯಾಸವಿಲ್ಲ, ಹೆಪಟೈಟಿಸ್ ಬಿ ಮತ್ತು ಸಿ ಎರಡೂ ನೆಗೆಟಿವ್. ಲಿವರ್‌ನಲ್ಲಿ ಸೇರಿಕೊಂಡ ಕೊಬ್ಬು ವರ್ಷಗಟ್ಟಲೆ ಉರಿಯೂತ ಮಾಡಿ, ಕಲೆಗಟ್ಟಿಸಿ, ಕೊನೆಗೆ ಸಿರೋಸಿಸ್‌ಗೆ ತಂದು ನಿಲ್ಲಿಸಿದೆ. ಬಿಲಿರುಬಿನ್ 1.2, ಆಲ್ಬುಮಿನ್ 3.6, ಐಎನ್‌ಆರ್ 1.2, ಹೊಟ್ಟೆಯಲ್ಲಿ ನೀರಿಲ್ಲ, ಮಂಪರು ಇಲ್ಲ. ಲಿವರ್ ಎಷ್ಟು ಸೋತಿದೆ ಎಂದು ಅಳೆಯುವ ಚೈಲ್ಡ್-ಪ್ಯೂ ಅಂಕ 5, ಅಂದರೆ ಅತಿ ಕಡಿಮೆ ಸೋತ 'ಎ' ದರ್ಜೆ. ಪ್ಲೇಟ್‌ಲೆಟ್ ಮಾತ್ರ 98,000ಕ್ಕೆ ಇಳಿದಿದೆ, ಗುಲ್ಮ ದೊಡ್ಡದಾಗಿದೆ. ಕ್ರಿಯಾಟಿನಿನ್ 1.0. ನೋವಿಲ್ಲ, ತೂಕ ಇಳಿದಿಲ್ಲ, ದಿನದ ಕೆಲಸಕ್ಕೆ ಅಡ್ಡಿಯಿಲ್ಲ.

ಇಂಥವರಿಗೆ ಆರು ತಿಂಗಳಿಗೊಮ್ಮೆ ಲಿವರ್ ಅಲ್ಟ್ರಾಸೌಂಡ್ ಮತ್ತು ರಕ್ತದಲ್ಲಿ ಆಲ್ಫಾ-ಫೀಟೋಪ್ರೋಟೀನ್, ಅಂದರೆ ಎಎಫ್‌ಪಿ ಪರೀಕ್ಷೆ ಮಾಡಿಸುವುದು ಪದ್ಧತಿ. ಶಾಂಘೈನಲ್ಲಿ ಹೆಪಟೈಟಿಸ್ ಬಿ ಸೋಂಕಿನ ಹಿನ್ನೆಲೆಯಿದ್ದ 18,816 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೇ ಇದರ ದೊಡ್ಡ ಆಧಾರ. ಆರು ತಿಂಗಳಿಗೊಮ್ಮೆ ಈ ಎರಡು ಪರೀಕ್ಷೆ ಮಾಡಿದ ಗುಂಪಿನಲ್ಲಿ ಲಿವರ್ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಶೇ. 37ರಷ್ಟು ಕಡಿಮೆಯಾಗಿತ್ತು. ಆದರೆ ಅಲ್ಲಿದ್ದವರಲ್ಲಿ ಹೆಚ್ಚಿನವರು ನಮ್ಮ ರೋಗಿಯಂತೆ ಸ್ಥೂಲಕಾಯದ, ಕೊಬ್ಬಿನ ಲಿವರ್‌ನವರಲ್ಲ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಎರಡು ಅಲ್ಟ್ರಾಸೌಂಡ್, ಎರಡರಲ್ಲೂ ಅದೇ ಕುರುಡು ಜಾಗ

ಹಿಂದಿನ ಅಲ್ಟ್ರಾಸೌಂಡ್ ವರದಿಯಲ್ಲಿ 'ಗೆಡ್ಡೆ ಕಾಣಲಿಲ್ಲ' ಎಂದಿತ್ತು. ಅದರ ಕೆಳಗಿನ ಸಾಲು ಬಹಳ ಜನ ಓದದೆ ಬಿಡುವಂಥದ್ದು: 'ಬಲ ಹಾಲೆಯ ಮೇಲ್ಭಾಗ ಮತ್ತು ವಪೆಯ ಅರ್ಧಕ್ಕಿಂತ ಹೆಚ್ಚು ಭಾಗ ಕಾಣಲಿಲ್ಲ.' ಆರು ತಿಂಗಳ ನಂತರದ ಸ್ಕ್ಯಾನಿಂಗ್‌ನಲ್ಲೂ ಅದೇ ಮಾತು. ಅಮೆರಿಕದ ರೇಡಿಯಾಲಜಿ ಕಾಲೇಜಿನ ಲೈ-ರಾಡ್ಸ್ ಪದ್ಧತಿಯಲ್ಲಿ ಕಾಣುವಿಕೆಗೆ ಎ, ಬಿ, ಸಿ ಎಂಬ ಅಂಕ ಕೊಡುತ್ತಾರೆ, ಇದು 'ಸಿ'. ಲಿವರ್‌ನ ಅರ್ಧವನ್ನು ನೋಡದೆ 'ಗೆಡ್ಡೆ ಇಲ್ಲ' ಎಂದು ಬರೆದ ವರದಿ ರೋಗಿಗೂ ವೈದ್ಯರಿಗೂ ಸುಳ್ಳು ಧೈರ್ಯ ಕೊಡುತ್ತದೆ. 'ಸಿ' ಎಂದು ಬರೆಯುವುದು ರೇಡಿಯಾಲಜಿಸ್ಟ್‌ನ ಸೋಲೇನಲ್ಲ. ಬರೆಯದೆ ಬಿಡುವುದೇ ತಪ್ಪು.

ಕಾಣದಿರಲು ಕಾರಣ ಸರಳ ಭೌತಶಾಸ್ತ್ರ. ಕೊಬ್ಬು ಶಬ್ದತರಂಗವನ್ನು ಚದುರಿಸುತ್ತದೆ, ಹೀರಿಕೊಳ್ಳುತ್ತದೆ. ಆಳಕ್ಕೆ ಹೋದಷ್ಟೂ ಚಿತ್ರ ಕಪ್ಪಾಗುತ್ತದೆ. ಆಳ ಬೇಕೆಂದು ಆವರ್ತನ ಇಳಿಸಿದರೆ ಸೂಕ್ಷ್ಮ ವಿವರ ಹೋಗುತ್ತದೆ. ಅದರ ಮೇಲೆ ಸಿರೋಸಿಸ್‌ನ ಲಿವರ್ ಇಡೀ ಗಂಟುಗಂಟಾಗಿರುವುದರಿಂದ ಒಂದು ಸೆಂಟಿಮೀಟರಿನ ಗೆಡ್ಡೆಯೂ ಇನ್ನೊಂದು ಗಂಟಿನಂತೆಯೇ ಕಾಣುತ್ತದೆ. ಲಿವರ್‌ನ ಎಂಟನೇ ಸೆಗ್ಮೆಂಟ್ (ಬಲ ಹಾಲೆಯ ಮೇಲ್ಭಾಗದ ತುಂಡು) ವಪೆಯ ಕೆಳಗೆ ಗುಮ್ಮಟದ ಹಾಗೆ ಇರುವುದರಿಂದ ಮುಂದೆ ಪಕ್ಕೆಲುಬು, ಮೇಲೆ ಗಾಳಿ ತುಂಬಿದ ಶ್ವಾಸಕೋಶ. ಎಡಮಗ್ಗುಲಿಗೆ ಮಲಗಿಸಿ, ಉಸಿರು ಪೂರ್ತಿ ಎಳೆಸಿ, ಪಕ್ಕೆಲುಬುಗಳ ನಡುವಿನಿಂದ ಪ್ರೋಬ್ ಓರೆ ಮಾಡಿ ನೋಡಿದ್ದಾಯಿತು. ಫಲ ಸಿಗಲಿಲ್ಲ.

ಇದು ಒಬ್ಬ ಸೋನಾಲಜಿಸ್ಟ್‌ನ ಕೈಚಳಕದ ಕೊರತೆಯಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಸಿರೋಸಿಸ್ ಇರುವವರ ಆರಂಭಿಕ ಹಂತದ ಗೆಡ್ಡೆಗಳನ್ನು ಅಲ್ಟ್ರಾಸೌಂಡ್ ಒಂದೇ ಹಿಡಿದದ್ದು ಶೇ. 45, ಎಎಫ್‌ಪಿಯೂ ಸೇರಿದರೆ ಶೇ. 63. ನಮ್ಮ ರೋಗಿಯ ಎಎಫ್‌ಪಿ 7ರಿಂದ 11ಕ್ಕೆ ಏರಿತ್ತು. ಸಾಮಾನ್ಯವಾಗಿ ಎಚ್ಚರಿಕೆಯ ಗೆರೆ 20. ಚಿಕ್ಕ ಗೆಡ್ಡೆ ಇರುವ ಅನೇಕರಲ್ಲಿ ಎಎಫ್‌ಪಿ ಆ ಗೆರೆ ದಾಟುವುದೇ ಇಲ್ಲ. ಹಾಗಾಗಿ 11 ಎಂಬ ಸಂಖ್ಯೆಯಿಂದ ನಿಶ್ಚಿಂತೆಯೂ ಇಲ್ಲ, ತೀರ್ಮಾನವೂ ಇಲ್ಲ. ಏರುತ್ತಿದೆ ಎಂಬುದಷ್ಟೇ ಗಮನಕ್ಕೆ.

ಇನ್ನಾರು ತಿಂಗಳು ಕಾದರೆ ಏನಾಗುತ್ತದೆ? ಲಿವರ್‌ನ ಪ್ರಾಥಮಿಕ ಕ್ಯಾನ್ಸರ್ ಗೆಡ್ಡೆಯ ಘನಗಾತ್ರ ಇಮ್ಮಡಿಯಾಗಲು ಸುಮಾರು 4ರಿಂದ 6 ತಿಂಗಳು ಬೇಕು. ಘನಗಾತ್ರ ಎರಡು ಪಟ್ಟಾದರೆ ಅಡ್ಡಳತೆ 1.26 ಪಟ್ಟಾಗುತ್ತದೆ. ಐದು ತಿಂಗಳಿಗೆ ಇಮ್ಮಡಿ ಎಂದು ಹಿಡಿದರೆ 13 ಮಿ.ಮೀ. ಗೆಡ್ಡೆ ಆರು ತಿಂಗಳಲ್ಲಿ 17, ವರ್ಷದಲ್ಲಿ 22–23 ಮಿ.ಮೀ. ಆಗುತ್ತದೆ. ಎರಡು ಸೆಂಟಿಮೀಟರಿನ ಒಳಗಿರುವ ಒಂಟಿ ಗೆಡ್ಡೆಯನ್ನು ಸೂಜಿಯಿಂದ ಸುಟ್ಟು ತೆಗೆಯಬಹುದು. ಆ ಗೆರೆ ದಾಟಿದ ಮೇಲೆ ಸುತ್ತಲಿನ ಸಣ್ಣ ರಕ್ತನಾಳಗಳಿಗೆ ನುಗ್ಗಿರುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಕುರುಡು ಜಾಗದಲ್ಲಿ ಎರಡು ಸುತ್ತು ಕಳೆದುಕೊಂಡರೆ ಚಿಕಿತ್ಸೆಯ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ.

ಏನನ್ನು ಬಿಟ್ಟರೆ ಸ್ಕ್ಯಾನ್ ಚಿಕ್ಕದಾಗುತ್ತದೆ

ಎಂಆರ್‌ಐ ಚೆನ್ನಾಗಿ ಕಾಣಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಸಿಯೋಲ್‌ನಲ್ಲಿ ಹೆಚ್ಚು ಅಪಾಯದ 407 ಸಿರೋಸಿಸ್ ರೋಗಿಗಳಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಎರಡನ್ನೂ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. 43 ಜನರಲ್ಲಿ ಕ್ಯಾನ್ಸರ್ ಬಂತು. ಎಂಆರ್‌ಐ ಹಿಡಿದದ್ದು 37, ಅಲ್ಟ್ರಾಸೌಂಡ್ ಹಿಡಿದದ್ದು 12. ಎಂಆರ್‌ಐಗೆ ಮಾತ್ರ ಸಿಕ್ಕಿದ್ದು 26, ಅಲ್ಟ್ರಾಸೌಂಡ್‌ಗೆ ಮಾತ್ರ ಸಿಕ್ಕಿದ್ದು ಒಂದು. ಐದು ಎರಡಕ್ಕೂ ತಪ್ಪಿದವು.

ತೊಡಕು ಸಮಯದ್ದು ಮತ್ತು ಹಣದ್ದು. ಪೂರ್ಣ ಲಿವರ್ ಎಂಆರ್‌ಐಗೆ ಮೆಷಿನ್‌ನ 30ರಿಂದ 45 ನಿಮಿಷ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಎಲ್ಲ ಸಿರೋಸಿಸ್ ರೋಗಿಗಳಿಗೂ ಇದನ್ನು ಮಾಡುತ್ತಾ ಕೂತರೆ ಪಾರ್ಶ್ವವಾಯುವಿನ ರೋಗಿಗೂ ಬೆನ್ನುಹುರಿಯ ರೋಗಿಗೂ ಮೆಷಿನ್ ಸಿಗುವುದಿಲ್ಲ. ಅದಕ್ಕಾಗಿ ಬಂದದ್ದು ಕಿರು ಎಂಆರ್‌ಐ. ಇದರಲ್ಲಿ ಮೆಷಿನ್ ಬೇರೆಯದಲ್ಲ, ಹೊಸ ಕಾಂತವೂ ಇಲ್ಲ. 'ಈ ಲಿವರ್‌ನಲ್ಲಿ ಅನುಮಾನದ ಗೆಡ್ಡೆ ಇದೆಯೇ?' ಎಂಬ ಒಂದೇ ಪ್ರಶ್ನೆಗೆ ಬೇಕಾದ ಸೀಕ್ವೆನ್ಸ್‌ಗಳನ್ನು (ಒಂದೊಂದು ಬಗೆಯ ಚಿತ್ರ ಸರಣಿಗಳನ್ನು) ಉಳಿಸಿ ಮಿಕ್ಕಿದ್ದನ್ನು ಬಿಡುವುದೇ ಇದರ ಗುಟ್ಟು. ಪಿತ್ತನಾಳದ ಚಿತ್ರಗಳು, ಇನ್‌ಫೇಸ್-ಔಟ್‌ಫೇಸ್, ಉದ್ದದ ಕೊರೋನಲ್ ಸರಣಿಗಳು ಹೋಗುತ್ತವೆ. ಆದರೆ ಬಿಟ್ಟ ಪ್ರತಿಯೊಂದಕ್ಕೂ ಒಂದು ಬೆಲೆ ಇದೆ. ಅದನ್ನು ತಿಳಿದು ಬಿಡಬೇಕು.

ಮೂರು ಬಗೆಯ ಕಿರು ಸ್ಕ್ಯಾನ್‌ಗಳು ಬಳಕೆಯಲ್ಲಿವೆ. ಮೊದಲನೆಯದು ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಚುಚ್ಚುವ ಔಷಧ) ಇಲ್ಲದ್ದು: ನೀರಿನಂಶ ಬೆಳ್ಳಗೆ ಕಾಣುವ ಟಿ2, ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್, ಸಾದಾ ಟಿ1. ಸೂಜಿ ಬೇಡ, ಔಷಧದ ಖರ್ಚಿಲ್ಲ, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಇಡೀ ಭಾರ ಡಿಫ್ಯೂಷನ್ ಮೇಲೆ ಬೀಳುತ್ತದೆ, ಮತ್ತು ಡಿಫ್ಯೂಷನ್ ಕೈಕೊಡುವುದು ಎರಡು ಜಾಗದಲ್ಲಿ: ಹೃದಯದ ಬಡಿತ ತಾಗುವ ಎಡ ಹಾಲೆ, ಮತ್ತು ಶ್ವಾಸಕೋಶದ ಗಾಳಿಗೆ ಅಂಟಿಕೊಂಡ ಗುಮ್ಮಟ. ನಮ್ಮ ರೋಗಿಯ ಕುರುಡು ಜಾಗವೇ ಗುಮ್ಮಟ.

ಎರಡನೆಯದರಲ್ಲಿ ಗ್ಯಾಡಾಕ್ಸೆಟೇಟ್ ಎಂಬ ಔಷಧವನ್ನು ಮೆಷಿನ್ ಕೋಣೆಯ ಹೊರಗೇ ಚುಚ್ಚಿ, ಸುಮಾರು 20 ನಿಮಿಷ ಬಿಟ್ಟು ಒಳಗೆ ಮಲಗಿಸುತ್ತಾರೆ. ಡೋಸ್ ಕೆ.ಜಿ.ಗೆ 0.1 ಮಿ.ಲೀ., ಅಂದರೆ ಇವರಿಗೆ 8.4 ಮಿ.ಲೀ. ಆರೋಗ್ಯವಂತ ಲಿವರ್ ಕೋಶ ಈ ಔಷಧವನ್ನು ಒಳಗೆ ಎಳೆದುಕೊಂಡು ಬೆಳ್ಳಗಾಗುತ್ತದೆ. ಎಳೆದುಕೊಳ್ಳುವ ಶಕ್ತಿ ಕಳೆದುಕೊಂಡ ಗೆಡ್ಡೆ ಕಪ್ಪು ತೂತಿನಂತೆ ಉಳಿಯುತ್ತದೆ. ಒಂದು ಸೆಂಟಿಮೀಟರಿನ ಗೆಡ್ಡೆಯೂ ಕಣ್ಣಿಗೆ ಹೊಡೆಯುತ್ತದೆ. ತೊಂದರೆ ಮೂರು. ಬಿಲಿರುಬಿನ್ 3 ದಾಟಿದ, ಸೋತ ಲಿವರ್ ಔಷಧವನ್ನೇ ಎಳೆದುಕೊಳ್ಳದೆ ಇಡೀ ಚಿತ್ರ ಮಸುಕಾಗುತ್ತದೆ. ಹತ್ತರಲ್ಲಿ ಒಂದರಷ್ಟು ಕ್ಯಾನ್ಸರ್ ಗೆಡ್ಡೆಗಳು ಔಷಧ ಎಳೆದುಕೊಳ್ಳುವ ಶಕ್ತಿ ಉಳಿಸಿಕೊಂಡು ಸುತ್ತಲಿನಂತೆಯೇ ಬೆಳ್ಳಗಿರುತ್ತವೆ. ಮತ್ತು ಅಪಧಮನಿ ಹಂತದ (ಔಷಧ ಅಪಧಮನಿಯಲ್ಲಿ ತುಂಬಿರುವಾಗಿನ) ಚಿತ್ರವೇ ಇಲ್ಲದ್ದರಿಂದ ಗೆಡ್ಡೆ ಸಿಕ್ಕರೂ ಅದೇನೆಂದು ಹೇಳಲಾಗದು. ರೋಗಿಯನ್ನು ಪೂರ್ಣ ಸ್ಕ್ಯಾನ್‌ಗೆ ಮತ್ತೆ ಕರೆಸಬೇಕು.

ಮೂರನೆಯದು ಕಾಂಟ್ರಾಸ್ಟ್ ರಕ್ತದಲ್ಲಿ ಹರಿಯುವಾಗಲೇ ಹಂತಹಂತವಾಗಿ ಚಿತ್ರ ತೆಗೆಯುವುದು. ಗೆಡ್ಡೆ ಸಿಕ್ಕರೆ ಅದೇ ಹೊತ್ತಿಗೆ ಗುರುತೂ ಸಿಗುವ ಅವಕಾಶವಿದೆ. ಸಮಯದ ಲೆಕ್ಕ ತಪ್ಪಿದರೆ ಆ ಅವಕಾಶ ಕೈತಪ್ಪುತ್ತದೆ.

ಕಿರು ಎಂಆರ್‌ಐ ಅಧ್ಯಯನಗಳನ್ನೆಲ್ಲ ಕೂಡಿಸಿದ 2021ರ ವಿಶ್ಲೇಷಣೆಯಲ್ಲಿ ಒಟ್ಟು ಸಂವೇದನೆ (ಕ್ಯಾನ್ಸರ್ ಇದ್ದವರಲ್ಲಿ ಹಿಡಿದ ಪ್ರಮಾಣ) ಶೇ. 86, ನಿರ್ದಿಷ್ಟತೆ (ಇಲ್ಲದವರಲ್ಲಿ ಇಲ್ಲವೆಂದ ಪ್ರಮಾಣ) ಶೇ. 94. ಎರಡು ಸೆಂಟಿಮೀಟರಿಗಿಂತ ಚಿಕ್ಕವುಗಳಲ್ಲಿ ಸಂವೇದನೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಕಿರು ಎಂಆರ್‌ಐನಿಂದ ಸಾವು ತಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳ ಪ್ರೀಮಿಯಂ ಎಂಬ ಪ್ರಯೋಗ ಕೈಗೆತ್ತಿಕೊಂಡಿದೆ. ಆದ್ದರಿಂದ ಎಲ್ಲ ಸಿರೋಸಿಸ್ ರೋಗಿಗಳನ್ನೂ ಅಲ್ಟ್ರಾಸೌಂಡ್ ಬಿಡಿಸಿ ಎಂಆರ್‌ಐಗೆ ಕಳಿಸಿ ಎಂದು ಹೇಳಲು ಇಷ್ಟು ಆಧಾರ ಸಾಲದು. ಅಲ್ಟ್ರಾಸೌಂಡ್‌ಗೆ ಲಿವರ್ ಕಾಣದ ರೋಗಿಗೆ ಮಾತ್ರ ಇದನ್ನು ಕೊಡಬೇಕೆಂಬುದು ನಮ್ಮ ನಿಲುವು. ಎರಡು ಬಾರಿ 'ಸಿ' ಅಂಕ ಬಂದ ಇವರು ಸರಿಯಾಗಿ ಆ ಗುಂಪಿಗೆ ಸೇರಿದವರು.

ಆಯ್ಕೆ ಮೂರನೆಯದರ ಮೇಲೆ ಬಿತ್ತು. ಕಾರಣಗಳು: ಎಎಫ್‌ಪಿ ಏರುತ್ತಿತ್ತು, ಅಂದರೆ ಗೆಡ್ಡೆ ಇರುವ ಸಾಧ್ಯತೆ ಸಾಮಾನ್ಯ ತಪಾಸಣೆಗಿಂತ ಹೆಚ್ಚು, ಸಾಧಾರಣ ಗ್ಯಾಡೋಲಿನಿಯಂ ಔಷಧ ಗ್ಯಾಡಾಕ್ಸೆಟೇಟ್‌ಗಿಂತ ಅಗ್ಗ, ಮೂತ್ರಪಿಂಡ ಚೆನ್ನಾಗಿತ್ತು, ಉಸಿರು ಹಿಡಿಯಬಲ್ಲರು.

ಸ್ಕ್ಯಾನ್ ನಡೆದ ಬಗೆ

1.5 ಟೆಸ್ಲಾ ಮೆಷಿನ್. ಹೊಟ್ಟೆಯಲ್ಲಿ ನೀರು ತುಂಬಿದ್ದರೆ 3 ಟೆಸ್ಲಾದಲ್ಲಿ ಚಿತ್ರದ ಮಧ್ಯೆ ಕಪ್ಪು ಮೋಡ ಕವಿಯುತ್ತದೆ, ಅಂಥವರಿಗೆ 1.5 ಒಳ್ಳೆಯದು, ಇಲ್ಲವೇ ಮೊದಲು ನೀರು ತೆಗೆಸಬೇಕು. ಇವರಿಗೆ ಆ ತೊಂದರೆ ಇರಲಿಲ್ಲ.

ನಾಲ್ಕು ಗಂಟೆ ಖಾಲಿ ಹೊಟ್ಟೆ. ಸಕ್ಕರೆ ಕಾಯಿಲೆಯವರಾದ್ದರಿಂದ ಬೆಳಗಿನ ಮೊದಲ ಸರದಿ, ಮಾತ್ರೆ-ಇನ್ಸುಲಿನ್ ಬಗ್ಗೆ ಹಿಂದಿನ ದಿನವೇ ಸೂಚನೆ. ಪೇಸ್‌ಮೇಕರ್, ಕ್ಲಿಪ್, ಕಣ್ಣಿನಲ್ಲಿ ಲೋಹದ ಚೂರು ಇತ್ಯಾದಿ ಪ್ರಶ್ನೆಗಳು, ಬಟ್ಟೆ ಬದಲಾವಣೆ, ಮೊಣಕೈ ಮಡಿಕೆಯಲ್ಲಿ 20 ಗೇಜ್ ಕ್ಯಾನುಲಾ, ಇವೆಲ್ಲ ಮೆಷಿನ್ ಕೋಣೆಯ ಹೊರಗೆ ಆಗಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ: ಕಿರು ಎಂಆರ್‌ಐ ಶುರು ಮಾಡಿದ ಬಹಳ ಕಡೆ ಸ್ಕ್ಯಾನ್ ಹತ್ತು ನಿಮಿಷಕ್ಕೆ ಇಳಿದರೂ ರೋಗಿ ಮೇಜಿನ ಮೇಲೆ ಇಪ್ಪತ್ತೈದು ನಿಮಿಷ ಇರುತ್ತಾರೆ, ಏಕೆಂದರೆ ನಾಳ ಹುಡುಕುವುದು ಮೇಜಿನ ಮೇಲೆಯೇ ನಡೆಯುತ್ತದೆ. ಆಗ ಉಳಿತಾಯವೆಲ್ಲ ಸೋರಿ ಹೋಗುತ್ತದೆ. ವಾರದಲ್ಲಿ ಒಂದು ದಿನ ಎರಡು ಗಂಟೆಯನ್ನು ಲಿವರ್ ತಪಾಸಣೆಗೆಂದೇ ಮೀಸಲಿಟ್ಟು, 20 ನಿಮಿಷಕ್ಕೊಬ್ಬರಂತೆ ಆರು ಜನರನ್ನು ಸಾಲಾಗಿ ಕರೆದರೆ ಕಾಯಿಲ್ ಬದಲಿಸುವ, ಪ್ರೋಟೋಕಾಲ್ ಬದಲಿಸುವ ಸಮಯವೂ ಉಳಿಯುತ್ತದೆ. ಒಬ್ಬರು ಒಳಗಿರುವಾಗ ಮುಂದಿನವರಿಗೆ ಕ್ಯಾನುಲಾ ಹಾಕಿ ಮುಗಿದಿರಬೇಕು.

ಉಸಿರಿನ ತಾಲೀಮೂ ಹೊರಗೇ. ಟೆಕ್ನಿಷಿಯನ್ ಪಕ್ಕದಲ್ಲಿ ನಿಂತು ಮೂರು ಸಲ ಮಾಡಿಸಿದರು: "ಯಜಮಾನ್ರೇ, ಉಸಿರು ಎಳ್ಕೊಳ್ಳಿ... ಈಗ ಪೂರ್ತಿ ಬಿಟ್ಬಿಡಿ... ಹಾಗೇ ಹಿಡ್ಕೊಳ್ಳಿ." ಉಸಿರು ಬಿಟ್ಟ ಮೇಲೆ ಹಿಡಿಯುವುದು ಕಷ್ಟವೆನಿಸಿದರೂ ವಪೆ ಪ್ರತಿ ಸಲ ಅದೇ ಎತ್ತರಕ್ಕೆ ಬರುತ್ತದೆ, ಎಳೆದು ಹಿಡಿದರೆ ಪ್ರತಿ ಸಲ ಬೇರೆ ಬೇರೆ ಎತ್ತರ. 15 ಸೆಕೆಂಡ್ ಹಿಡಿದರೆ ಸಾಕು. ಕನ್ನಡ ಬಲ್ಲವರಿಗೆ ಮೆಷಿನ್‌ನೊಳಗಿನ ಇಂಗ್ಲಿಷ್ ಅಥವಾ ಹಿಂದಿ ಧ್ವನಿಮುದ್ರಿತ ಸೂಚನೆ ಬಿಟ್ಟು, ಟೆಕ್ನಿಷಿಯನ್ ಬಾಯಿಂದಲೇ ಕನ್ನಡದಲ್ಲಿ ಸೂಚನೆ ಕೊಡುವುದು ಚಿತ್ರದ ಗುಣಮಟ್ಟಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ಅರ್ಥವಾಗದ ಸೂಚನೆಗೆ ರೋಗಿ ಅರ್ಧ ಸೆಕೆಂಡ್ ತಡವಾಗಿ ಉಸಿರು ಹಿಡಿದರೂ ಅಪಧಮನಿ ಹಂತ ಕಲೆಸಿ ಹೋಗುತ್ತದೆ.

ಕ್ರಮ ಹೀಗಿತ್ತು. ಮೂರು ಸಮತಲದ ಲೊಕಲೈಸರ್ (ಜಾಗ ಗುರುತಿಸುವ ಚಿತ್ರ) ಅರ್ಧ ನಿಮಿಷ. ನಂತರ ಕಾಂಟ್ರಾಸ್ಟ್‌ಗೆ ಮುಂಚಿನ ಟಿ1: ಕೊಬ್ಬಿನ ಸಿಗ್ನಲ್ ಅಡಗಿಸಿದ ತ್ರಿಆಯಾಮ ಗ್ರೇಡಿಯಂಟ್ ಎಕೋ, 3 ಮಿ.ಮೀ. ಹೋಳು, ಒಂದು ಉಸಿರು. ಆಮೇಲೆ ಗ್ಯಾಡೋಟೆರೇಟ್ ಎಂಬ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಕೆ.ಜಿ.ಗೆ 0.2 ಮಿ.ಲೀ.ನಂತೆ 16.8 ಮಿ.ಲೀ., ಸೆಕೆಂಡಿಗೆ 2 ಮಿ.ಲೀ. ವೇಗದಲ್ಲಿ, ಬೆನ್ನಿಗೇ 25 ಮಿ.ಲೀ. ಸಲೈನ್. ಅಪಧಮನಿ ಹಂತ, 70ನೇ ಸೆಕೆಂಡಿಗೆ ಪೋರ್ಟಲ್ ಹಂತ, ಮೂರನೇ ನಿಮಿಷಕ್ಕೆ ತಡದ ಹಂತ. ಪೋರ್ಟಲ್ ಹಂತಕ್ಕೂ ತಡದ ಹಂತಕ್ಕೂ ನಡುವೆ ಸುಮ್ಮನೆ ಕಾಯುವ ಬದಲು ಸಿಂಗಲ್-ಶಾಟ್ ಟಿ2 ಅನ್ನು ಎರಡು ಉಸಿರಿನಲ್ಲಿ ಮುಗಿಸಿದರು. ಕಾಂಟ್ರಾಸ್ಟ್ ಒಳಗಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಕೊನೆಗೆ ಉಸಿರಿಗೆ ಹೊಂದಿಸಿದ ಡಿಫ್ಯೂಷನ್, ಬಿ ಮೌಲ್ಯ 50 ಮತ್ತು 800, ಮೂರು ನಿಮಿಷ. ಮೊದಲ ಚಿತ್ರದಿಂದ ಕೊನೆಯವರೆಗೆ ಹತ್ತು ನಿಮಿಷ.

ಲಿವರ್ ಮೇಲಿನ ಸ್ಲ್ಯಾಬ್ (ಚಿತ್ರ ತೆಗೆಯುವ ಜಾಗದ ಚೌಕಟ್ಟು) ಇಡುವಾಗ ಒಂದು ಎಚ್ಚರ ಬೇಕು. ಲೊಕಲೈಸರ್ ತೆಗೆದಾಗಿನ ಉಸಿರಿಗೂ ಮುಂದೆ ಹಿಡಿಯುವ ಉಸಿರಿಗೂ ವ್ಯತ್ಯಾಸವಾದರೆ ಗುಮ್ಮಟ ಸ್ಲ್ಯಾಬ್‌ನ ಹೊರಗೆ ಜಾರುತ್ತದೆ. ಈ ಸ್ಕ್ಯಾನ್ ಮಾಡಿಸುತ್ತಿರುವುದೇ ಗುಮ್ಮಟ ನೋಡಲಿಕ್ಕೆ. ಹಾಗಾಗಿ ವಪೆಯ ಮೇಲೆ ಎರಡು ಸೆಂಟಿಮೀಟರ್ ಜಾಗ ಬಿಟ್ಟೇ ಇಡಬೇಕು.

ಏನು ಕಂಡಿತು, ಎಲ್ಲಿ ಎಡವಟ್ಟಾಯಿತು

ಎಂಟನೇ ಸೆಗ್ಮೆಂಟಿನಲ್ಲಿ, ವಪೆಯಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ, 13 ಮಿ.ಮೀ. ಗಂಟು. ಟಿ2ನಲ್ಲಿ ಸ್ವಲ್ಪ ಬಿಳುಪು. ಹೆಮಾಂಜಿಯೋಮಾ (ರಕ್ತನಾಳಗಳ ನಿರಪಾಯ ಗಂಟು) ಅಥವಾ ನೀರ್ಗುಳ್ಳೆಯಾಗಿದ್ದರೆ ದೀಪ ಹಚ್ಚಿದಂತೆ ಬೆಳಗುತ್ತಿತ್ತು, ಇದು ಹಾಗಿಲ್ಲ. ಡಿಫ್ಯೂಷನ್‌ನಲ್ಲಿ ಬಿ 800ರಲ್ಲೂ ಬೆಳ್ಳಗೆ ಉಳಿದಿದೆ, ಅಂಚು ಸ್ವಲ್ಪ ಮಸುಕು. ತಡದ ಹಂತದಲ್ಲಿ ಸುತ್ತಲಿನ ಲಿವರ್‌ಗಿಂತ ಕಪ್ಪಾಗಿದೆ, ಅಂದರೆ ವಾಶ್‌ಔಟ್. ಅಪಧಮನಿ ಹಂತದಲ್ಲಿ? ಸುತ್ತಲಿನಂತೆಯೇ ಇದೆ.

ಇಲ್ಲೇ ನಿಲ್ಲಬೇಕು. ಕ್ಯಾನ್ಸರ್ ಗೆಡ್ಡೆಗೆ ರಕ್ತ ಬರುವುದು ಮುಖ್ಯವಾಗಿ ಅಪಧಮನಿಯಿಂದ, ಉಳಿದ ಲಿವರ್‌ಗೆ ಮುಖ್ಯವಾಗಿ ಪೋರ್ಟಲ್ ರಕ್ತನಾಳದಿಂದ. ಹಾಗಾಗಿ ಸರಿಯಾದ ಅಪಧಮನಿ ಹಂತದಲ್ಲಿ ಗೆಡ್ಡೆ ಮಿಂಚಬೇಕು. ಮಿಂಚಿಲ್ಲವೆಂದರೆ ಎರಡು ಅರ್ಥ: ಗೆಡ್ಡೆಯ ಗುಣವೇ ಬೇರೆ, ಅಥವಾ ಚಿತ್ರ ತೆಗೆದ ಕ್ಷಣ ತಪ್ಪು. ಗೆಡ್ಡೆ ನೋಡುವ ಮುಂಚೆ ನಾಳಗಳನ್ನು ನೋಡಬೇಕು. ಸರಿಯಾದ ತಡ-ಅಪಧಮನಿ ಹಂತದಲ್ಲಿ ಹೆಪಾಟಿಕ್ ಅಪಧಮನಿ ಪೂರ್ತಿ ತುಂಬಿರುತ್ತದೆ, ಪೋರ್ಟಲ್ ನಾಳಕ್ಕೆ ಸ್ವಲ್ಪ ಬಣ್ಣ ಬಂದಿರುತ್ತದೆ, ಹೆಪಾಟಿಕ್ ಅಭಿಧಮನಿಗಳು ಖಾಲಿ. ಈ ಸ್ಕ್ಯಾನ್‌ನಲ್ಲಿ ಪೋರ್ಟಲ್ ನಾಳ ಪೂರ್ತಿ ಕಪ್ಪು. ಚಿತ್ರ ಬೇಗ ತೆಗೆದದ್ದಾಗಿತ್ತು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸಮಯ ಉಳಿಸಲೆಂದು ಕಿರು ಪ್ರೋಟೋಕಾಲ್‌ನಲ್ಲಿ ಬೋಲಸ್ ಟ್ರ್ಯಾಕಿಂಗ್ (ಔಷಧ ಮಹಾಪಧಮನಿಗೆ ಬಂದದ್ದನ್ನು ಪರದೆಯಲ್ಲಿ ಕಂಡ ಮೇಲೆ ಸ್ಕ್ಯಾನ್ ಶುರು ಮಾಡುವ ಕ್ರಮ) ತೆಗೆದುಹಾಕಿ, ಇಂಜೆಕ್ಷನ್ ಶುರುವಾದ 25ನೇ ಸೆಕೆಂಡಿಗೆ ಸ್ಕ್ಯಾನ್ ಶುರು ಎಂದು ಗಡಿಯಾರ ಕಟ್ಟಿದ್ದರು. ಹೃದಯದ ಪಂಪ್ ಸ್ವಲ್ಪ ನಿಧಾನವಿರುವವರಲ್ಲಿ ಔಷಧ ಲಿವರ್ ಮುಟ್ಟುವುದು ತಡವಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಹತ್ತು ಸೆಕೆಂಡಿನ ವ್ಯತ್ಯಾಸ ಸಾಮಾನ್ಯ. ಟ್ರ್ಯಾಕಿಂಗ್ ತೆಗೆದಿದ್ದರಿಂದ ಉಳಿದದ್ದು ಅರ್ಧ ನಿಮಿಷ. ಕಳೆದುಕೊಂಡದ್ದು ಇಡೀ ಸ್ಕ್ಯಾನ್‌ನ ಅತಿ ಮುಖ್ಯ ಚಿತ್ರ. ಕಿರು ಎಂಆರ್‌ಐನಲ್ಲಿ ಬಿಡಬಾರದ ಸೀಕ್ವೆನ್ಸ್ ಯಾವುದು ಎಂದು ಕೇಳಿದರೆ ನಮ್ಮ ಮೊದಲ ಉತ್ತರ ಈ ಅರ್ಧ ನಿಮಿಷ.

ಸಿಕ್ಕಷ್ಟರಲ್ಲೇ ಲೈ-ರಾಡ್ಸ್ ಲೆಕ್ಕ ಹಾಕಿದರೆ: ಅಪಧಮನಿ ಮಿಂಚು ಇಲ್ಲ, 20 ಮಿ.ಮೀ.ಗಿಂತ ಚಿಕ್ಕದು, ವಾಶ್‌ಔಟ್ ಒಂದೇ ಪ್ರಮುಖ ಲಕ್ಷಣ. ಇದು ಎಲ್‌ಆರ್-3 (ಲೈ-ರಾಡ್ಸ್‌ನಲ್ಲಿ ಈ ಅಂಕ 5ರತ್ತ ಏರಿದಷ್ಟೂ ಕ್ಯಾನ್ಸರ್ ಸಾಧ್ಯತೆ ಹೆಚ್ಚು). ಡಿಫ್ಯೂಷನ್ ಮತ್ತು ಟಿ2 ಬಿಳುಪು ಸಹಾಯಕ ಲಕ್ಷಣಗಳು. ಅವು ಒಂದು ಮೆಟ್ಟಿಲು ಏರಿಸಿ ಎಲ್‌ಆರ್-4ಕ್ಕೆ ತರಬಹುದು. ಅಲ್ಲಿಂದ ಐದಕ್ಕೆ ಏರಿಸಲು ಸಹಾಯಕ ಲಕ್ಷಣಗಳಿಗೆ ಅಧಿಕಾರವಿಲ್ಲ. ಅಧ್ಯಯನಗಳನ್ನು ಕೂಡಿಸಿದ ಲೆಕ್ಕದಲ್ಲಿ ಎಲ್‌ಆರ್-4 ಆದವುಗಳಲ್ಲಿ ಸುಮಾರು ಶೇ. 74, ಎಲ್‌ಆರ್-5 ಆದವುಗಳಲ್ಲಿ ಶೇ. 94 ಲಿವರ್‌ನ ಪ್ರಾಥಮಿಕ ಕ್ಯಾನ್ಸರ್. ನಾಲ್ವರಲ್ಲಿ ಒಬ್ಬರಿಗೆ ಅನವಶ್ಯಕವಾಗಿ ಸೂಜಿ ಚುಚ್ಚುವ ಸ್ಥಿತಿಗೂ ಬಯಾಪ್ಸಿಯಿಲ್ಲದೆ ಚಿಕಿತ್ಸೆ ಶುರು ಮಾಡಬಹುದಾದ ಸ್ಥಿತಿಗೂ ಇರುವ ಅಂತರ ಅದು.

ಹಾಗಾದರೆ ಕಿರು ಸ್ಕ್ಯಾನ್ ವಿಫಲವಾಯಿತೇ? ಇಲ್ಲ. ಎರಡು ಅಲ್ಟ್ರಾಸೌಂಡ್‌ಗಳಿಗೆ ಕಾಣದ ಗಂಟನ್ನು ಅದು ತೋರಿಸಿತು, ತಪಾಸಣೆಯ ಕೆಲಸ ಅಷ್ಟೇ. ಗುರುತು ಹೇಳುವ ಕೆಲಸ ಬಾಕಿ ಉಳಿಯಿತು. ವರದಿಯ ಕೊನೆ ಸಾಲು ಹೀಗಿತ್ತು: '13 ಮಿ.ಮೀ. ಗಂಟು, ಅಪಧಮನಿ ಹಂತದ ಸಮಯ ಸರಿಯಿಲ್ಲ, ಎರಡು ವಾರದೊಳಗೆ ಪೂರ್ಣ ಎಂಆರ್‌ಐ.' ಸಮಯ ಸರಿಯಿಲ್ಲ ಎಂಬ ಮಾತು ವರದಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಓದಿದ ವೈದ್ಯರು 'ಅಪಧಮನಿ ಹಂತದಲ್ಲಿ ಮಿಂಚಿಲ್ಲ' ಎಂಬುದನ್ನು ಗೆಡ್ಡೆಯ ಗುಣವೆಂದೇ ತಿಳಿದು ಮೂರು ತಿಂಗಳು ಕಾಯಿಸುತ್ತಾರೆ. ಗಾತ್ರ 10 ಮಿ.ಮೀ.ಗಿಂತ ಚಿಕ್ಕದಿದ್ದಿದ್ದರೆ ಕಾಯುವುದು ತಪ್ಪಾಗುತ್ತಿರಲಿಲ್ಲ. ಹತ್ತು ದಾಟಿದ ಮೇಲೆ ಕಾಯಬಾರದು.

ಕಿರು ಸ್ಕ್ಯಾನ್‌ನ ಸರದಿ ಪಟ್ಟಿ ಮಾಡುವಾಗಲೇ ಮರುಕರೆಗೆ ವಾರಕ್ಕೆ ಒಂದೆರಡು ಪೂರ್ಣ ಸ್ಕ್ಯಾನ್ ಜಾಗ ಖಾಲಿ ಇಡುವುದು ಇದಕ್ಕೇ. ಗೆಡ್ಡೆ ಕಂಡಿದೆ ಎಂದು ಹೇಳಿ ರೋಗಿಯನ್ನು ಆರು ವಾರ ಕಾಯಿಸುವುದು ಸರಿಯಲ್ಲ. ಮನೆಯವರಿಗೂ ಮೊದಲೇ, ಕಿರು ಸ್ಕ್ಯಾನ್‌ಗೆ ಮುಂಚೆಯೇ, ಹೇಳಿರಬೇಕು: ಇದು ಜರಡಿ, ಏನಾದರೂ ಸಿಕ್ಕರೆ ಇನ್ನೊಮ್ಮೆ ಬರಬೇಕಾಗುತ್ತದೆ, ಮತ್ತೆ ಕರೆದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ.

ಹತ್ತನೇ ದಿನ ಪೂರ್ಣ ಎಂಆರ್‌ಐ ಆಯಿತು. ಈ ಸಲ ಮಹಾಪಧಮನಿಯಲ್ಲಿ ಔಷಧ ಬಂದದ್ದನ್ನು ಪರದೆಯಲ್ಲಿ ಕಂಡ ಮೇಲೆ ಉಸಿರಿನ ಸೂಚನೆ ಕೊಟ್ಟು ಸ್ಕ್ಯಾನ್ ಶುರು ಮಾಡಿದರು. ಪೋರ್ಟಲ್ ನಾಳಕ್ಕೆ ತಿಳಿ ಬಣ್ಣ, ಅಭಿಧಮನಿ ಖಾಲಿ, ಗಂಟು ಪೂರ್ತಿ ಬೆಳಗಿದೆ. ಸಾದಾ ಟಿ1ನಲ್ಲೇ ಗಂಟು ಸ್ವಲ್ಪ ಬಿಳುಪಾಗಿದ್ದರಿಂದ ಮಿಂಚು ನಿಜವೇ ಎಂದು ಖಚಿತಪಡಿಸಿಕೊಳ್ಳಲು ಮುಂಚಿನ ಚಿತ್ರವನ್ನು ಅಪಧಮನಿ ಹಂತದಿಂದ ಕಳೆದು ನೋಡಿದರು. ಎರಡೂ ಉಸಿರು ಒಂದೇ ಮಟ್ಟದಲ್ಲಿದ್ದುದರಿಂದ ಕಳೆದ ಚಿತ್ರ ಸ್ವಚ್ಛವಾಗಿ ಬಂತು. ಪೋರ್ಟಲ್ ಮತ್ತು ತಡದ ಹಂತದಲ್ಲಿ ವಾಶ್‌ಔಟ್. ಅಳತೆ 14 ಮಿ.ಮೀ.; ಹತ್ತು ದಿನದಲ್ಲಿ ಒಂದು ಮಿ.ಮೀ. ವ್ಯತ್ಯಾಸ ಬೆಳವಣಿಗೆಯಲ್ಲ, ಅಳೆಯುವಾಗ ಬರುವ ಹೆಚ್ಚುಕಡಿಮೆ. 10ರಿಂದ 19 ಮಿ.ಮೀ. ಗಾತ್ರ, ಅಪಧಮನಿ ಮಿಂಚು, ವಾಶ್‌ಔಟ್: ಎಲ್‌ಆರ್-5. ಬೇರೆ ಕಡೆ ಗೆಡ್ಡೆ ಇಲ್ಲ, ಪೋರ್ಟಲ್ ನಾಳ ಸ್ವಚ್ಛ. ಬಯಾಪ್ಸಿ ಬೇಕಾಗಲಿಲ್ಲ. ಗುಮ್ಮಟದ ಗೆಡ್ಡೆಗೆ ಸೂಜಿ ಹಾಕಿದರೆ ಶ್ವಾಸಕೋಶಕ್ಕೆ ತಾಗುವ ಭಯ, ಪ್ಲೇಟ್‌ಲೆಟ್ ಲಕ್ಷಕ್ಕಿಂತ ಕಡಿಮೆ. ಬೇಡವಾದದ್ದು ಒಳ್ಳೆಯದೇ ಆಯಿತು.

ಅಲ್ಟ್ರಾಸೌಂಡ್‌ಗೆ ಕಾಣದ್ದಕ್ಕೆ ಸೂಜಿ ತಲುಪಿಸುವುದು

ಲಿವರ್ ಕ್ಯಾನ್ಸರ್‌ನ ಹಂತ ಹೇಳುವ ಬಾರ್ಸಿಲೋನಾ ಪದ್ಧತಿಯ ಹಂತ 0: ಒಂಟಿ ಗೆಡ್ಡೆ, 2 ಸೆಂ.ಮೀ. ಒಳಗೆ, ಚೈಲ್ಡ್-ಪ್ಯೂ ಎ, ಓಡಾಡುತ್ತಿರುವ ರೋಗಿ. ಶಸ್ತ್ರಚಿಕಿತ್ಸೆಯೋ ಸುಡುವ ಚಿಕಿತ್ಸೆಯೋ ಎಂಬ ಚರ್ಚೆಯಲ್ಲಿ ಕಡಿಮೆ ಪ್ಲೇಟ್‌ಲೆಟ್ ಮತ್ತು ಊದಿದ ಗುಲ್ಮ ನಿರ್ಣಾಯಕವಾದವು. ಇವೆರಡೂ ಪೋರ್ಟಲ್ ಒತ್ತಡ ಏರಿರುವ ಗುರುತು; ಅಂಥ ಲಿವರ್ ಕತ್ತರಿಸಿದರೆ ಉಳಿದ ಭಾಗ ಸೋಲುವ ಅಪಾಯ ಹೆಚ್ಚು. ಮೈಕ್ರೋವೇವ್ ಅಬ್ಲೇಷನ್, ಅಂದರೆ ಸೂಜಿಯಿಂದ ಗೆಡ್ಡೆ ಸುಡುವುದು, ಎಂದು ತೀರ್ಮಾನವಾಯಿತು.

ಅಬ್ಲೇಷನ್ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ನೋಡಿಕೊಂಡೇ ಮಾಡುವಂಥದ್ದು. ಇಲ್ಲಿ ಅದಕ್ಕೇ ಗೆಡ್ಡೆ ಕಾಣುವುದಿಲ್ಲ. ಕಿರು ಎಂಆರ್‌ಐ ತಪಾಸಣೆ ಶುರು ಮಾಡುವ ಪ್ರತಿ ಆಸ್ಪತ್ರೆಯೂ ಇದನ್ನು ಮೊದಲೇ ಯೋಚಿಸಿರಬೇಕು, ಏಕೆಂದರೆ ಈ ತಪಾಸಣೆಯಿಂದ ಹೊರಬರುವ ಗೆಡ್ಡೆಗಳಲ್ಲಿ ಬಹುಪಾಲು ಅಲ್ಟ್ರಾಸೌಂಡ್‌ಗೆ ಸಿಗದಂಥವೇ. ದಾರಿಗಳಿವೆ: ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಪರದೆಯ ಮೇಲೆ ಹೊಂದಿಸುವ ಫ್ಯೂಷನ್, ಅಥವಾ ಸಿಟಿ ನೋಡಿಕೊಂಡು ಸೂಜಿ ಇಡುವುದು. ಇಲ್ಲಿ ಅರಿವಳಿಕೆಯಡಿ ಸಿಟಿ. ಬಿಸಿಯಿಂದ ವಪೆಯನ್ನು ಕಾಪಾಡಲು ಹೊಟ್ಟೆಯ ಪೊರೆಯೊಳಗೆ ಅರ್ಧ ಲೀಟರಿಗಿಂತ ಹೆಚ್ಚು ಶೇ. 5 ಡೆಕ್ಸ್‌ಟ್ರೋಸ್ ದ್ರವ ಬಿಟ್ಟು ಲಿವರ್ ಮತ್ತು ವಪೆಯನ್ನು ಬೇರ್ಪಡಿಸಿದರು. ಲಿವರ್‌ನ ಹಿಂಭಾಗದಲ್ಲಿ ಪೊರೆಯಿಲ್ಲದೆ ನೇರ ವಪೆಗೆ ಅಂಟಿದ ಜಾಗವಿದೆ. ಅಲ್ಲಿನ ಗೆಡ್ಡೆಗೆ ಈ ಉಪಾಯ ನಡೆಯುವುದಿಲ್ಲ. ಇವರ ಗೆಡ್ಡೆ ಅದರ ಮುಂದಿತ್ತು. ಗೆಡ್ಡೆಯ ಸುತ್ತ ಕನಿಷ್ಠ 5, ಸಾಧ್ಯವಾದರೆ 10 ಮಿ.ಮೀ. ಅಂಚು ಸೇರಿಸಿ ಸುಡಬೇಕು. 14 ಮಿ.ಮೀ. ಗೆಡ್ಡೆಗೆ ಸುಟ್ಟ ಜಾಗ 24ರಿಂದ 34 ಮಿ.ಮೀ. ಆಗಬೇಕು, 32 ಸಿಕ್ಕಿತು. ಗೆಡ್ಡೆ 23 ಮಿ.ಮೀ. ಆಗುವವರೆಗೆ ಕಾದಿದ್ದರೆ 10 ಮಿ.ಮೀ. ಅಂಚಿಗೆ 43 ಮಿ.ಮೀ. ಸುಡಬೇಕಾಗುತ್ತಿತ್ತು, ಅದೂ ವಪೆಯ ಕೆಳಗೆ.

ಒಂದು ತಿಂಗಳ ನಂತರ ಫಲ ನೋಡಲು ಎಂಆರ್‌ಐ. ಸುಟ್ಟ ಜಾಗ ಸಾದಾ ಟಿ1ನಲ್ಲೇ ಬೆಳ್ಳಗೆ ಕಾಣುತ್ತದೆ. ಹೊಸಬರು ಇದನ್ನು ಉಳಿದ ಗೆಡ್ಡೆ ಎಂದು ಓದಿ ಗಾಬರಿಪಡಿಸುತ್ತಾರೆ. ಕಳೆದು ತೆಗೆದ ಚಿತ್ರದಲ್ಲಿ ಮಿಂಚು ಎಲ್ಲೂ ಇರಲಿಲ್ಲ. ಅಂಚಿನಲ್ಲಿ ಸುತ್ತಲೂ ಸಮನಾದ ತೆಳು ಉಂಗುರ ಇತ್ತು, ಅದು ಬಿಸಿಗೆ ಬಂದ ಉರಿಯೂತ. ಉಂಗುರ ಒಂದು ಕಡೆ ದಪ್ಪಗಾಗಿ ಗಂಟಾಗಿದ್ದರೆ ಮಾತು ಬೇರೆಯಾಗುತ್ತಿತ್ತು.

ಮುಂದಿನ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಸಿರೋಸಿಸ್ ಲಿವರ್‌ನಲ್ಲಿ ಒಮ್ಮೆ ಗೆಡ್ಡೆ ಬಂದವರಿಗೆ ಬೇರೆ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ದೊಡ್ಡದು. ಈಗ ಕೇಳುತ್ತಿರುವ ಪ್ರಶ್ನೆಯೂ ಬದಲಾಗಿದೆ: ಸುಟ್ಟ ಅಂಚಿನಲ್ಲಿ ಉಳಿದದ್ದೇನಾದರೂ ಇದೆಯೇ, ಹೊಸದು ಬಂದಿದೆಯೇ, ನಾಳಕ್ಕೆ ನುಗ್ಗಿದೆಯೇ. ಆದ್ದರಿಂದ ಈ ಅವಧಿಯಲ್ಲಿ ಪೂರ್ಣ ಎಂಆರ್‌ಐ, ಕಿರು ಸ್ಕ್ಯಾನ್ ಅಲ್ಲ. ಸಕ್ಕರೆ, ತೂಕ, ಅನ್ನನಾಳದ ಉಬ್ಬಿದ ನಾಳಗಳಿಗೆ ಎಂಡೋಸ್ಕೋಪಿ ಇವೆಲ್ಲ ಜೊತೆಗೇ ನಡೆಯಬೇಕು. ವಿಭಾಗದ ಕಿರು ಪ್ರೋಟೋಕಾಲ್‌ಗೆ ಬೋಲಸ್ ಟ್ರ್ಯಾಕಿಂಗ್ ಅನ್ನು ಮತ್ತೆ ಸೇರಿಸಲಾಯಿತು. ಹತ್ತು ನಿಮಿಷದ ಸ್ಕ್ಯಾನ್ ಈಗ ಹತ್ತೂವರೆ ನಿಮಿಷ.